ಸಾರ್ವಜನಿಕ ಸಂಪರ್ಕ: ಕೆಲಸ ಸಿಗುವುದು ಸುಲಭ, ಮಾತಿಗೆ ಬೆಲೆ ಸಿಗುವುದು ಕಷ್ಟ

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸಂಭವಿಸಿದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಹಿಂದಿನ ರಾತ್ರಿಯಷ್ಟೇ ಅಹಮದಾಬಾದ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಮೊದಲ ಬಾರಿಗೆ ಐಪಿಎಲ್ ಪ್ರಶಸ್ತಿ ಗೆದ್ದಿತ್ತು. ಪೊಲೀಸರ ಅನುಮತಿ ಪಡೆಯದೆಯೇ ವಿಜಯಯಾತ್ರೆಗೆ ಬರುವಂತೆ ಜನರಿಗೆ ಆಹ್ವಾನ ನೀಡುವ ಪೋಸ್ಟ್ ತಂಡದ ಸಾಮಾಜಿಕ ಜಾಲತಾಣ ಖಾತೆಯಲ್ಲಿ ಬೆಳಿಗ್ಗೆ 7.01ಕ್ಕೆ ಪ್ರಕಟವಾಯಿತು ಎಂದು ರಾಜ್ಯ ಸರ್ಕಾರ ಹೈಕೋರ್ಟ್‌ಗೆ ಸಲ್ಲಿಸಿದ ವರದಿಯಲ್ಲಿ ತಿಳಿಸಿತ್ತು. ಪಾಸ್‌ಗಳ ವಿಷಯ ಮೊದಲು ಕಾಣಿಸಿಕೊಂಡದ್ದು ಮಧ್ಯಾಹ್ನ 3.14ರ ಪೋಸ್ಟ್‌ನಲ್ಲಿ ಎಂಬುದೂ ಅದೇ ವರದಿಯ ಮಾತು. ಈ ನಡುವೆ, ವಿಜಯಯಾತ್ರೆ ಇರುವುದಿಲ್ಲವೆಂದು ಸಂಚಾರ ಪೊಲೀಸರು ತಮ್ಮ ಕಡೆಯಿಂದ ಪ್ರಕಟಿಸಿದ್ದರು. ಒಂದೇ ನಗರ, ಒಂದೇ ದಿನ, ಒಂದೇ ಕಾರ್ಯಕ್ರಮ. ಜನರ ಮೊಬೈಲ್‌ಗೆ ತಲುಪಿದ್ದು ಮಾತ್ರ ಒಂದಕ್ಕೊಂದು ತಾಳೆಯಾಗದ ಸೂಚನೆಗಳು.

ಹೊಣೆ ಯಾರದೆಂಬುದನ್ನು ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ಬಂದೋಬಸ್ತಿನ ಲೋಪ, ರಾಜಕಾರಣಿಗಳ ಉತ್ಸಾಹ, ಅಧಿಕಾರಿಗಳ ಅಮಾನತು ಇವೆಲ್ಲ ಸಾಕಷ್ಟು ಚರ್ಚೆಯಾಗಿವೆ. ಅಷ್ಟಾಗಿ ಚರ್ಚೆಗೆ ಬಾರದ ಮುಖವೊಂದಿದೆ. ಲಕ್ಷಾಂತರ ಜನರಿಗೆ 'ಬನ್ನಿ' ಎಂದು ಹೇಳುವ ನಾಲ್ಕು ಸಾಲನ್ನು ಯಾರೋ ಬರೆದಿರುತ್ತಾರೆ, ಮತ್ತ್ಯಾರೋ ಒಪ್ಪಿಗೆ ಕೊಟ್ಟಿರುತ್ತಾರೆ. ಯಾವುದೇ ಸಂಸ್ಥೆಯಲ್ಲಿ ಈ ಕೆಲಸ ಮಾಡುವ ವ್ಯಕ್ತಿಗೆ 'ಅನುಮತಿ ಪತ್ರ ಕೈಗೆ ಬಂದಿದೆಯೇ?' ಎಂದು ಕೇಳುವ ಅಧಿಕಾರ ಇದೆಯೇ? ಕೇಳಿದರೆ ಉತ್ತರ ಬರುವವರೆಗೆ ಕಾಯುವ ಅವಕಾಶ ಇದೆಯೇ? ಸಾರ್ವಜನಿಕ ಸಂಪರ್ಕ ಎಂಬ ವೃತ್ತಿಯ ತಿರುಳು ಈ ಎರಡು ಪ್ರಶ್ನೆಗಳಲ್ಲಿದೆ.

ಪ್ರತಿ ವರ್ಷ ಪತ್ರಿಕೋದ್ಯಮ ಪದವಿ ಮುಗಿಸಿ ಹೊರಬರುವ ವಿದ್ಯಾರ್ಥಿಗಳ ಪೈಕಿ ದೊಡ್ಡ ಪಾಲು ಇಂದು ಸುದ್ದಿಮನೆಯ ಬದಲು ಈ ಕ್ಷೇತ್ರದತ್ತ ಮುಖ ಮಾಡುತ್ತಿರುವುದು ಗುಟ್ಟೇನಲ್ಲ. 2020ರ ಕೋವಿಡ್ ಲಾಕ್‌ಡೌನ್ ಪತ್ರಿಕೆಗಳ ಪುಟಗಳನ್ನೂ ಹುದ್ದೆಗಳನ್ನೂ ಕಡಿತಗೊಳಿಸಿದ ಮೇಲೆ ಹಿರಿಯ ವರದಿಗಾರರೂ ಇದೇ ಹಾದಿ ಹಿಡಿದರು. ವೇತನ ಸರಿಯಾದ ದಿನಕ್ಕೆ ಬರುತ್ತದೆ, ರಾತ್ರಿ ಪಾಳಿ ಇರುವುದಿಲ್ಲ ಎಂಬ ಲೆಕ್ಕಾಚಾರ ಸಹಜ. ಆದರೆ ಈ ಆಯ್ಕೆಯನ್ನು 'ಪತ್ರಿಕೋದ್ಯಮಕ್ಕಿಂತ ಸುಲಭದ ಕೆಲಸ' ಎಂದು ಭಾವಿಸಿ ಮಾಡುವವರು ಎರಡು ವರ್ಷದೊಳಗೆ ನಿರಾಶರಾಗುತ್ತಾರೆ ಎಂಬುದರಲ್ಲಿ ಎರಡು ಮಾತಿಲ್ಲ.

ಕೈಕುಲುಕುವ ಹುದ್ದೆಯ ಕಾಲ

ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಪಿಆರ್‌ಓ ಎಂದರೆ ಸಾರ್ವಜನಿಕ ವಲಯದ ಉದ್ದಿಮೆಗಳ ಮತ್ತು ಬ್ಯಾಂಕುಗಳ ಅಧಿಕಾರಿ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಮೊದಲಾದ ಕಾರ್ಖಾನೆಗಳು. ಮಣಿಪಾಲದ ಸಿಂಡಿಕೇಟ್, ಮಂಗಳೂರಿನ ಕಾರ್ಪೊರೇಷನ್, ಬೆಂಗಳೂರಿನ ಕೆನರಾ ಮತ್ತು ವಿಜಯ ಬ್ಯಾಂಕುಗಳ ಪ್ರಧಾನ ಕಚೇರಿಗಳು. ಗಣ್ಯರ ಭೇಟಿ, ಗೃಹಪತ್ರಿಕೆಯ ಸಂಪಾದನೆ, ವರ್ಷಕ್ಕೊಂದು ಡೈರಿ, ಪತ್ರಿಕಾಗೋಷ್ಠಿಯ ನಂತರದ ಊಟ - ಇಷ್ಟರಲ್ಲಿ ನಿವೃತ್ತಿಯ ದಿನ ಬಂದುಬಿಡುತ್ತಿತ್ತು. ಆ ಪಟ್ಟಿಯ ಹಲವು ಹೆಸರುಗಳು ಇಂದು ಇಲ್ಲ. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್‌ನಲ್ಲಿ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್‌ನಲ್ಲಿ ವಿಲೀನವಾದವು. ಪ್ರಧಾನ ಕಚೇರಿ ಹೋದ ಮೇಲೆ ಅದರ ಪ್ರಚಾರ ವಿಭಾಗ ಎಲ್ಲಿ ಉಳಿದೀತು?

1991ರ ಆರ್ಥಿಕ ಉದಾರೀಕರಣ ಇನ್ನೊಂದು ಬಾಗಿಲು ತೆರೆಯಿತು. ದೆಹಲಿಯಲ್ಲಿ, ಮುಂಬೈಯಲ್ಲಿ ಹುಟ್ಟಿದ ಖಾಸಗಿ ಏಜೆನ್ಸಿಗಳು ಮಾಹಿತಿ ತಂತ್ರಜ್ಞಾನದ ಬೆನ್ನು ಹಿಡಿದು ಬೆಂಗಳೂರಿಗೆ ಬಂದವು. ಇಂದು ಹೊಸಬರಿಗೆ ಮೊದಲ ಕೆಲಸ ಸಿಗುವುದು ಹೆಚ್ಚಾಗಿ ಇಂಥ ಏಜೆನ್ಸಿಗಳಲ್ಲೇ. ಬೆಳಗಾಗುತ್ತಿದ್ದಂತೆ ಪತ್ರಿಕೆಗಳನ್ನು ಜಾಲಾಡಿ ಗ್ರಾಹಕ ಸಂಸ್ಥೆಗೆ ಸಂಬಂಧಿಸಿದ ತುಣುಕುಗಳನ್ನು ಕಳಿಸುವುದು, ಪತ್ರಿಕಾ ಪ್ರಕಟಣೆ ಬರೆಯುವುದು, 'ಮೇಲ್ ತಲುಪಿತೇ?' ಎಂದು ವರದಿಗಾರರಿಗೆ ಫೋನ್ ಮಾಡಿ ಬೈಸಿಕೊಳ್ಳುವುದು, ತಿಂಗಳ ಕೊನೆಗೆ ಎಷ್ಟು ಸುದ್ದಿ ಬಂತೆಂಬ ವರದಿ ತಯಾರಿಸುವುದು. ಒಬ್ಬೊಬ್ಬರ ತಲೆಯ ಮೇಲೆ ನಾಲ್ಕೈದು ಗ್ರಾಹಕ ಸಂಸ್ಥೆಗಳು. ಶ್ರಮ ಹೆಚ್ಚು, ಕಲಿಕೆಯೂ ಹೆಚ್ಚು.

ತೊಂದರೆ ಇರುವುದು ಆ ತಿಂಗಳ ಕೊನೆಯ ವರದಿಯಲ್ಲಿ. ಪ್ರಕಟವಾದ ಸುದ್ದಿಯನ್ನು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು, ಅಷ್ಟೇ ಜಾಗದ ಜಾಹೀರಾತಿನ ದರದಿಂದ ಗುಣಿಸಿ 'ಇಷ್ಟು ಲಕ್ಷ ರೂಪಾಯಿ ಮೌಲ್ಯದ ಪ್ರಚಾರ' ಎಂದು ತೋರಿಸುವ ಪದ್ಧತಿ ಹಳೆಯದು. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ್ದ ವೃತ್ತಿಪರರು ರೂಪಿಸಿದ ತತ್ವಗಳು ಈ ಲೆಕ್ಕವನ್ನು ಸ್ಪಷ್ಟವಾಗಿ ತಳ್ಳಿಹಾಕಿದವು. ಆದರೂ ಅದು ಸತ್ತಿಲ್ಲ. ಇಂದು ಲೈಕು, ವ್ಯೂ, ಶೇರುಗಳ ರೂಪದಲ್ಲಿ ಮರುಜನ್ಮ ಪಡೆದಿದೆ. ಸಂಖ್ಯೆಗಾಗಿಯೇ ದುಡಿಯುವ ಕಚೇರಿಯಲ್ಲಿ ಅನುಮತಿ ಪತ್ರದ ಬಗ್ಗೆ ಪ್ರಶ್ನೆ ಕೇಳುವ ಹುಡುಗ ಅಥವಾ ಹುಡುಗಿ ಯಾರಿಗೂ ಬೇಡದ ವ್ಯಕ್ತಿಯಾಗುತ್ತಾರೆ.

ನಂಜನಗೂಡಿನ ಕಾರ್ಖಾನೆ ನಿಂತಾಗ

ಈ ವೃತ್ತಿಯಲ್ಲಿ ವೇಗಕ್ಕೂ ನಂಬಿಕೆಗೂ ಇರುವ ನಂಟನ್ನು ಅರಿಯಲು 2015ರ ಮ್ಯಾಗಿ ಪ್ರಕರಣಕ್ಕಿಂತ ಉತ್ತಮ ಪಾಠ ಸಿಗಲಾರದು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಸಂಗ್ರಹಿಸಿದ ಮಾದರಿಯೊಂದರಲ್ಲಿ ಮಿತಿ ಮೀರಿದ ಸೀಸ ಇದೆಯೆಂದು ಕೋಲ್ಕತ್ತಾದ ಪ್ರಯೋಗಾಲಯ ವರದಿ ನೀಡಿದ ಸುದ್ದಿ ಮೇ ತಿಂಗಳಲ್ಲಿ ಹರಡಿತು. ನೆಸ್ಲೆ ಇಂಡಿಯಾ ತನ್ನ ಪರೀಕ್ಷೆಗಳ ಪ್ರಕಾರ ಉತ್ಪನ್ನ ಸುರಕ್ಷಿತ ಎಂಬ ತಾಂತ್ರಿಕ ಉತ್ತರವನ್ನೇ ಪುನರುಚ್ಚರಿಸಿತು. ಮಗುವಿಗೆ ನಿನ್ನೆ ಕೊಟ್ಟ ತಟ್ಟೆಯ ಬಗ್ಗೆ ತಾಯಿ ಕೇಳುತ್ತಿದ್ದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಜೂನ್ 5ರಂದು ಸಂಸ್ಥೆಯ ಜಾಗತಿಕ ಮುಖ್ಯಸ್ಥರು ದೆಹಲಿಯಲ್ಲಿ ಪತ್ರಿಕಾಗೋಷ್ಠಿ ನಡೆಸುವ ಹೊತ್ತಿಗೆ ರಾಜ್ಯಗಳು ಒಂದರ ಹಿಂದೊಂದು ನಿಷೇಧ ಹೇರಿದ್ದವು. ಅದೇ ದಿನ ಆಹಾರ ಸುರಕ್ಷತಾ ಪ್ರಾಧಿಕಾರವೂ ಆದೇಶ ಹೊರಡಿಸಿತು. 27 ಸಾವಿರ ಟನ್ನಿಗೂ ಹೆಚ್ಚು ನೂಡಲ್ಸ್ ಅನ್ನು ಮಾರುಕಟ್ಟೆಯಿಂದ ವಾಪಸು ತರಿಸಿ ನಾಶಪಡಿಸಬೇಕಾಯಿತು.

ವಿಪರ್ಯಾಸವೆಂದರೆ, ಕಾನೂನಿನ ಹೋರಾಟದಲ್ಲಿ ಗೆದ್ದದ್ದು ಕಂಪನಿಯೇ. ಸಹಜ ನ್ಯಾಯದ ತತ್ವ ಪಾಲನೆಯಾಗಿಲ್ಲ, ಪರೀಕ್ಷೆ ನಡೆಸಿದ ಪ್ರಯೋಗಾಲಯಗಳಿಗೆ ಮಾನ್ಯತೆ ಇರಲಿಲ್ಲ ಎಂಬ ಕಾರಣಗಳ ಮೇಲೆ ಬಾಂಬೆ ಹೈಕೋರ್ಟ್ ಆಗಸ್ಟ್ 13ರಂದು ನಿಷೇಧವನ್ನು ರದ್ದುಪಡಿಸಿತು. ನ್ಯಾಯಾಲಯ ಸೂಚಿಸಿದ ಮೂರು ಪ್ರಯೋಗಾಲಯಗಳಲ್ಲೂ ಮಾದರಿಗಳು ತೇರ್ಗಡೆಯಾದವು. ನಮ್ಮ ನಂಜನಗೂಡು, ಪಂಜಾಬಿನ ಮೋಗಾ ಮತ್ತು ಗೋವಾದ ಬಿಚೋಲಿಂ ಕಾರ್ಖಾನೆಗಳಲ್ಲಿ ತಯಾರಿಕೆ ಪುನರಾರಂಭವಾಗಿ ನವೆಂಬರ್‌ನಲ್ಲಿ ಮಾರಾಟ ಶುರುವಾಯಿತು. ವಿಜ್ಞಾನ ಪರವಾಗಿತ್ತು, ಕಾನೂನು ಪರವಾಗಿತ್ತು. ಆದರೂ ಐದು ತಿಂಗಳ ಕಾಲ ಅಂಗಡಿಯ ಕಪಾಟು ಖಾಲಿಯಾಗಿತ್ತು. ಮೊದಲ ಎರಡು ವಾರಗಳಲ್ಲಿ ಸಾಮಾನ್ಯ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಮಾತನಾಡುವವರು ಮುಂದೆ ನಿಂತಿದ್ದರೆ ನಷ್ಟವೆಲ್ಲ ತಪ್ಪುತ್ತಿತ್ತು ಎನ್ನಲಾಗದು, ಅಪನಂಬಿಕೆ ಇಷ್ಟು ಬೇಗ ಬೇರೂರುತ್ತಿರಲಿಲ್ಲ ಎಂಬುದಂತೂ ದಿಟ.

ಭಾಷೆಯ ಮಾತು ಬಂದಾಗ ಕರ್ನಾಟಕದ ಪದವೀಧರರು ಗಮನಿಸಬೇಕಾದ ಅವಕಾಶವೊಂದಿದೆ. ಇಂಗ್ಲಿಷ್‌ನಲ್ಲಿ ಸಿದ್ಧವಾದ ಪ್ರಕಟಣೆಯನ್ನು ಯಂತ್ರಾನುವಾದಕ್ಕೆ ಕೊಟ್ಟು, ಕ್ರಿಯಾಪದ ಎಲ್ಲಿದೆಯೆಂದು ಹುಡುಕಬೇಕಾದ ಕನ್ನಡದಲ್ಲಿ ಸುದ್ದಿಮನೆಗಳಿಗೆ ರವಾನಿಸುವ ಚಾಳಿ ಇಂದಿಗೂ ನಿಂತಿಲ್ಲ. ಉಪಸಂಪಾದಕರು ಅವನ್ನು ಓದದೆ ಅಳಿಸುತ್ತಾರೆ. ಒಂದು ಪದ ಎಂಥ ಬಿರುಗಾಳಿ ಎಬ್ಬಿಸಬಲ್ಲದು ಎಂಬುದು 2023ರ ಮಾರ್ಚ್‌ನಲ್ಲಿ ಗೊತ್ತಾಯಿತು. ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದು ಮುದ್ರಿಸಿ ಪ್ರಾದೇಶಿಕ ಹೆಸರನ್ನು ಆವರಣದಲ್ಲಿ ಹಾಕಬೇಕೆಂಬ ಸೂಚನೆಗೆ ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ತೀವ್ರ ವಿರೋಧ ವ್ಯಕ್ತವಾಗಿ, ಮಾರ್ಚ್ 30ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶವನ್ನು ಬದಲಿಸಿತು. ಅದರ ಬಿಸಿ ಆರುವ ಮುನ್ನವೇ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಬೆಂಗಳೂರಿಗೆ ಹಾಲು-ಮೊಸರು ತರುವುದಾಗಿ ಅಮುಲ್ ಟ್ವೀಟ್ ಮಾಡಿತು. ನಂದಿನಿ ಪರ ಅಭಿಯಾನವೇ ಹುಟ್ಟಿತು; ನಂದಿನಿ ಹಾಲನ್ನೇ ಬಳಸುವುದಾಗಿ ನಗರದ ಹೋಟೆಲ್ ಮಾಲೀಕರ ಸಂಘವೂ ಘೋಷಿಸಿತು. ವ್ಯಾಪಾರದ ದೃಷ್ಟಿಯಿಂದ ಅದೊಂದು ಮಾಮೂಲು ಪ್ರಕಟಣೆ. ಈ ನೆಲದ ಹವೆ ಬಲ್ಲ ಒಬ್ಬ ಕನ್ನಡಿಗ ಉದ್ಯೋಗಿಯನ್ನು ಕೇಳಿದ್ದರೆ, 'ಈ ವಾರ ಬೇಡ ಸರ್' ಎನ್ನುತ್ತಿದ್ದರು. ಹಳ್ಳಿಯ ಒಕ್ಕೂಟದಿಂದ ಹಿಡಿದು ಹೋಟೆಲ್ಲಿನ ಗಲ್ಲಾದವರೆಗೆ ಯಾರು ಏನೆಂದುಕೊಳ್ಳುತ್ತಾರೆ ಎಂಬ ಅರಿವು ಇಂಗ್ಲಿಷ್ ನಿರರ್ಗಳತೆಯಷ್ಟೇ ಬೆಲೆಬಾಳುವ ಅರ್ಹತೆ. ಸಂದರ್ಶನದಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಇದನ್ನು ಹೇಳಿಕೊಳ್ಳಲು ಹಿಂಜರಿಯುವುದು ಅವರಿಗೇ ನಷ್ಟ.

ಸರ್ಕಾರಿ ವಲಯದಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಜಿಲ್ಲೆ ಜಿಲ್ಲೆಗಳಲ್ಲೂ ಕಚೇರಿಗಳಿವೆ. ಸಚಿವರ ಭಾಷಣದ ಪ್ರಕಟಣೆಗಷ್ಟೇ ಈ ಕೆಲಸ ಸೀಮಿತ ಎಂಬ ದೂರು ಹಳೆಯದು ಮತ್ತು ಬಹುಮಟ್ಟಿಗೆ ನಿಜ. ಆದರೆ 2020ರಲ್ಲಿ ಆರೋಗ್ಯ ಇಲಾಖೆಯ ದಿನನಿತ್ಯದ ಕೋವಿಡ್ ಬುಲೆಟಿನ್‌ಗಾಗಿ ಇಡೀ ರಾಜ್ಯ ಕಾಯುತ್ತಿತ್ತು. ರೋಗಿಯ ಹೆಸರಿಲ್ಲದೆ ಕೇವಲ ಸಂಖ್ಯೆ, ಜಿಲ್ಲೆ, ಸಂಪರ್ಕದ ವಿವರ. ಅಲಂಕಾರವಿಲ್ಲದ ಆ ಕೋಷ್ಟಕಕ್ಕೆ ಸಿಕ್ಕ ಓದುಗರು ಯಾವ ಸಾಧನಾ ಪುಸ್ತಿಕೆಗೂ ಸಿಕ್ಕಿರಲಾರರು.

ಎಲ್ಲಿ ನಿಲ್ಲಬೇಕು?

ಅಮೆರಿಕದಲ್ಲಿ ಈ ವೃತ್ತಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಐವಿ ಲೀ 1906ರಲ್ಲಿ ಪತ್ರಿಕೆಗಳಿಗೆ ನಿಖರ ಮಾಹಿತಿ ಕೊಡುವ ವಾಗ್ದಾನವುಳ್ಳ ತತ್ವಪ್ರಣಾಳಿಕೆ ಪ್ರಕಟಿಸಿದ್ದರು. ಅದೇ ವ್ಯಕ್ತಿ ಜರ್ಮನಿಯ ಐಜಿ ಫಾರ್ಬೆನ್ ಕಂಪನಿಗೆ ಸಲಹೆ ನೀಡಿದ್ದಕ್ಕಾಗಿ 1934ರಲ್ಲಿ ಅಮೆರಿಕ ಸಂಸತ್ತಿನ ಸಮಿತಿಯ ವಿಚಾರಣೆ ಎದುರಿಸಬೇಕಾಯಿತು. ಭಾರತದಲ್ಲಿ 1958ರಲ್ಲಿ ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಯಾಯಿತು. 1968ರ ಏಪ್ರಿಲ್ 21ರಂದು ದೆಹಲಿಯ ಸಮ್ಮೇಳನ ನೀತಿಸಂಹಿತೆಯನ್ನು ಅಂಗೀಕರಿಸಿತು. ಏಪ್ರಿಲ್ 21 ಇಂದು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನ. ಸಂಹಿತೆ ಇದೆ, ಆದರೆ ವಕೀಲರ, ವೈದ್ಯರ ಪರಿಷತ್ತುಗಳಂತೆ ಸನ್ನದು ರದ್ದುಮಾಡುವ ಶಾಸನಬದ್ಧ ಸಂಸ್ಥೆ ಇಲ್ಲ. ಹೀಗಾಗಿ ಗೆರೆ ಎಳೆದುಕೊಳ್ಳುವ ಭಾರ ಉದ್ಯೋಗಿಯ ಮೇಲೆಯೇ ಬೀಳುತ್ತದೆ.

ಗೆರೆ ದಾಟಿದಾಗ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳಿಗೆ ಬರವಿಲ್ಲ. 2010ರ ನವೆಂಬರ್‌ನಲ್ಲಿ ಬಹಿರಂಗವಾದ ನೀರಾ ರಾಡಿಯಾ ಧ್ವನಿಮುದ್ರಿಕೆಗಳು ಉದ್ಯಮ, ರಾಜಕೀಯ ಮತ್ತು ಪತ್ರಕರ್ತರ ನಡುವಿನ ಸಂಭಾಷಣೆಯನ್ನು ದೇಶದ ಮುಂದಿಟ್ಟವು. ಮರುವರ್ಷ ಅವರು ಈ ವ್ಯವಹಾರದಿಂದಲೇ ನಿರ್ಗಮಿಸಿದರು. ಲಂಡನ್ನಿನ ಬೆಲ್ ಪಾಟಿಂಜರ್ ಸಂಸ್ಥೆ ದಕ್ಷಿಣ ಆಫ್ರಿಕದಲ್ಲಿ ಗುಪ್ತಾ ಕುಟುಂಬದ ಕಂಪನಿಗಾಗಿ ನಡೆಸಿದ ಅಭಿಯಾನ ಜನಾಂಗೀಯ ಒಡಕಿಗೆ ತುಪ್ಪ ಸುರಿಯಿತೆಂಬ ಕಾರಣಕ್ಕೆ 2017ರ ಸೆಪ್ಟೆಂಬರ್‌ನಲ್ಲಿ ವೃತ್ತಿ ಸಂಘದಿಂದ ಉಚ್ಚಾಟನೆಗೊಂಡು, ಅದೇ ತಿಂಗಳು ಬಾಗಿಲು ಹಾಕಿತು. ಅಭಿಯಾನದ ಗಂಧಗಾಳಿ ಇಲ್ಲದ ಕಿರಿಯ ಉದ್ಯೋಗಿಗಳೂ ಕೆಲಸ ಕಳೆದುಕೊಂಡರು. ನಮ್ಮಲ್ಲಿ ಪತ್ರಿಕಾಗೋಷ್ಠಿಯ 'ಕವರ್' ಪದ್ಧತಿ ದೊಡ್ಡ ಹಗರಣವಾಗಿ ಸುದ್ದಿಯಾಗುವುದಿಲ್ಲ, ಆದರೆ ಎರಡೂ ಕಡೆಯವರನ್ನು ನಿಧಾನವಾಗಿ ಸಣ್ಣವರನ್ನಾಗಿಸುತ್ತದೆ. ಅದನ್ನು ಹಂಚುವ ಕೆಲಸ ಸಾಮಾನ್ಯವಾಗಿ ಅತ್ಯಂತ ಕಿರಿಯನ ಪಾಲಿಗೆ ಬರುತ್ತದೆ ಎಂಬುದನ್ನು ಹೊಸಬರು ತಿಳಿದಿರುವುದು ಒಳ್ಳೆಯದು.

ಓದಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಈ ವೃತ್ತಿಗೆ ಇಂಥದೇ ಪದವಿ ಕಡ್ಡಾಯವಿಲ್ಲ. ಪತ್ರಿಕೋದ್ಯಮ ವಿಭಾಗಗಳಲ್ಲಿ ಇದನ್ನು ಒಂದು ವಿಷಯವಾಗಿ ಬೋಧಿಸುತ್ತಾರೆ. ದೆಹಲಿಯ ಐಐಎಂಸಿ ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕಕ್ಕೆಂದೇ ಕೋರ್ಸ್ ನಡೆಸುತ್ತ ಬಂದಿದೆ. ಮಾದರಿ ಪ್ರಕಟಣೆ ಬರೆಯುವ ಕೆಲಸವನ್ನು ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಮಾಡಿಕೊಡುವ ಈ ದಿನಗಳಲ್ಲಿ, ಬರೆದದ್ದು ನಿಜವೇ ಎಂದು ಕಡತ ತೆರೆಸಿ ನೋಡುವ ಛಲಕ್ಕೆ ಬೇಡಿಕೆ ಹೆಚ್ಚಲಿದೆ. ಒಂದು ಆಯವ್ಯಯ ಪಟ್ಟಿ ಓದಲು, ಒಂದು ನ್ಯಾಯಾಲಯದ ಆದೇಶ ಅರ್ಥ ಮಾಡಿಕೊಳ್ಳಲು ಬರುವವರು ಐದು ವರ್ಷಗಳಲ್ಲಿ ಉಳಿದವರಿಗಿಂತ ಬಹಳ ಮುಂದೆ ಇರುತ್ತಾರೆ.

ಇದಕ್ಕೆ ಕಾನೂನಿನ ಒತ್ತಾಸೆಯೂ ಬರುತ್ತಿದೆ. ಪ್ರಭಾವಿಗಳು ಹಣ ಪಡೆದು ಮಾಡುವ ಪ್ರಚಾರವನ್ನು ಸ್ಪಷ್ಟವಾಗಿ ತಿಳಿಸಬೇಕೆಂಬ ಮಾರ್ಗಸೂಚಿಯನ್ನು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಹೊರಡಿಸಿದವು. ಮುಖ್ಯವಾಹಿನಿ ಮಾಧ್ಯಮಗಳಲ್ಲಿ ಬರುವ ವದಂತಿಗಳಿಂದ ಷೇರು ಬೆಲೆ ಗಣನೀಯವಾಗಿ ಏರಿಳಿದರೆ 24 ಗಂಟೆಯೊಳಗೆ ಅದನ್ನು ದೃಢೀಕರಿಸಬೇಕು, ನಿರಾಕರಿಸಬೇಕು ಅಥವಾ ಸ್ಪಷ್ಟಪಡಿಸಬೇಕು ಎಂಬ ಸೆಬಿ ನಿಯಮ 2024ರ ಜೂನ್ 1ರಿಂದ ಅಗ್ರ 100 ನೋಂದಾಯಿತ ಕಂಪನಿಗಳಿಗೆ, ಡಿಸೆಂಬರ್ 1ರಿಂದ ಅಗ್ರ 250 ಕಂಪನಿಗಳಿಗೆ ಅನ್ವಯವಾಗಿದೆ. 'ಪ್ರತಿಕ್ರಿಯೆ ಇಲ್ಲ' ಎಂದು ಫೋನ್ ಇಡುವ ಹಳೆಯ ಉಪಾಯ ಅಲ್ಲಿ ನಡೆಯದು. ಕಂಪನಿ ಕಾರ್ಯದರ್ಶಿ, ಹಣಕಾಸು ಮುಖ್ಯಸ್ಥರ ಜೊತೆ ಸಂವಹನ ವಿಭಾಗದವರೂ ಒಂದೇ ಮೇಜಿನ ಸುತ್ತ ಕುಳಿತು ಸಂಜೆಯೊಳಗೆ ಉತ್ತರ ಸಿದ್ಧಪಡಿಸಬೇಕಾಗುತ್ತದೆ. ಅಗ್ರ 250ರ ಪಟ್ಟಿಯಲ್ಲಿರುವ ಹಲವು ಕಂಪನಿಗಳ ಪ್ರಧಾನ ಕಚೇರಿ ಬೆಂಗಳೂರಿನಲ್ಲೇ ಇದೆ. ಕೆಲಸ ಹುಡುಕುವವರು ನೇಮಕಾತಿ ಪತ್ರದಲ್ಲಿ ಸಂಬಳದ ಅಂಕಿಯ ಜೊತೆಗೆ, ತಾವು ವರದಿ ಮಾಡಿಕೊಳ್ಳಬೇಕಾದ ಅಧಿಕಾರಿ ಮಾರಾಟ ವಿಭಾಗದವರೋ, ಆಡಳಿತ ನಿರ್ದೇಶಕರೋ ಎಂಬ ಸಾಲನ್ನೂ ಓದಿಕೊಳ್ಳುವುದು ಲೇಸು.