ಕುಲಗೋತ್ರ ಕೇಳದ ಓದುಗರು

ಈ ಸಂಚಿಕೆಯ ಮೂರರಲ್ಲೊಂದು ಭಾಗವನ್ನು ಕಾಮಿಕ್ಸ್, ಜಾಂಬಿ ಕಥೆಗಳು ಮತ್ತು ಅರ್ಧಕ್ಕೆ ನಿಂತುಹೋದ ಟಿ.ವಿ. ಧಾರಾವಾಹಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ವಿಷಯ ತಿಳಿದ ಹಿರಿಯ ಲೇಖಕರೊಬ್ಬರು ಫೋನ್ ಮಾಡಿ, "ಇದಕ್ಕೆಲ್ಲ ಸಾಹಿತ್ಯ ಪತ್ರಿಕೆಯಲ್ಲಿ ಜಾಗ ಬೇಕೇನಪ್ಪಾ?" ಎಂದು ಕೇಳಿದರು. ಅವರ ಮೇಲೆ ನನಗೆ ತುಂಬ ಗೌರವ. ಆದ್ದರಿಂದಲೇ ಫೋನಿನಲ್ಲಿ ಎರಡು ಮಾತಿಗೆ ಮುಗಿಸದೆ, ಬೇಕು ಎಂಬ ನನ್ನ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

1954ನೇ ಇಸವಿಯಿಂದ ಶುರುಮಾಡಬೇಕು. ಆ ವರ್ಷ ಅಮೆರಿಕದಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಪುಸ್ತಕವೊಂದನ್ನು ಬರೆದು, ಮಕ್ಕಳು ದಾರಿ ತಪ್ಪುವುದರಲ್ಲಿ ಕಾಮಿಕ್ಸಿನ ಪಾಲು ದೊಡ್ಡದು ಎಂದು ವಾದಿಸಿದರು. ಏಪ್ರಿಲ್‌ನಲ್ಲಿ ಸೆನೆಟ್ ಉಪಸಮಿತಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ನಡೆಸಿತು. ಇ.ಸಿ. ಕಾಮಿಕ್ಸಿನ ಮಾಲೀಕ ವಿಲಿಯಂ ಗೇನ್ಸ್ ಅವರ ಮುಂದೆ, ಕತ್ತರಿಸಿದ ತಲೆಯನ್ನು ಕೈಯಲ್ಲಿ ಹಿಡಿದ ಕೊಲೆಗಾರನ ಮುಖಪುಟವನ್ನು ಇಟ್ಟು, ಇದು ಸದಭಿರುಚಿಯೇ ಎಂದು ಕೇಳಿದರು. ಭಯಾನಕ ಕಾಮಿಕ್ಸಿನ ಮುಖಪುಟದ ಮಟ್ಟಿಗೆ ಹೌದು ಎಂದರು ಗೇನ್ಸ್. ಆ ಉತ್ತರ ಅವರಿಗೆ ದುಬಾರಿಯಾಯಿತು. ಸರ್ಕಾರ ಕಾಯ್ದೆ ತರುವ ಮೊದಲೇ ಉಳಿದ ಪ್ರಕಾಶಕರು ಒಟ್ಟಾಗಿ ಅಕ್ಟೋಬರ್‌ನಲ್ಲಿ ಕಾಮಿಕ್ಸ್ ಕೋಡ್ ಎಂಬ ಕಟ್ಟುಪಾಡನ್ನು ತಾವೇ ಹಾಕಿಕೊಂಡರು. ಕೋಡ್‌ನ ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಗೆ ತಲುಪಿಸಲು ಸಗಟು ವಿತರಕರು ತಯಾರಿರಲಿಲ್ಲ. ಹೆಸರಿನಲ್ಲಿ 'ಹಾರರ್', 'ಟೆರರ್' ಎಂಬ ಪದಗಳು ಬರುವಂತಿರಲಿಲ್ಲ. ರಕ್ತಪಿಶಾಚಿ, ತೋಳಮನುಷ್ಯ, ನರಭಕ್ಷಣೆ, ನಡೆದಾಡುವ ಹೆಣ ಎಲ್ಲಕ್ಕೂ ನಿಷೇಧ ಬಿತ್ತು.

ಇಂಥ ಕಟ್ಟುಪಾಡು ಯಾರನ್ನು ಕಾಯುತ್ತದೆ, ಯಾರನ್ನು ಹೊಡೆಯುತ್ತದೆ ಎಂಬುದಕ್ಕೆ 'ಜಡ್ಜ್‌ಮೆಂಟ್ ಡೇ' ಎಂಬ ಏಳೆಂಟು ಪುಟದ ಕಾಮಿಕ್ಸ್ ಕಥೆಯೇ ಸಾಕ್ಷಿ. ಬರೆದವರು ಆಲ್ ಫೆಲ್ಡ್‌ಸ್ಟೈನ್, ಚಿತ್ರ ಜೋ ಒರ್ಲಾಂಡೊ ಅವರದು. ಮೊದಲು ಪ್ರಕಟವಾದದ್ದು 1953ರಲ್ಲಿ, ಅಂದರೆ ಕೋಡ್‌ಗಿಂತ ಮುಂಚೆ. ರೋಬೋಟ್‌ಗಳೇ ವಾಸಿಸುವ ಗ್ರಹವೊಂದಕ್ಕೆ ಭೂಮಿಯಿಂದ ಒಬ್ಬ ಪರೀಕ್ಷಕ ಬರುತ್ತಾನೆ. ಅವನು ಮೈತುಂಬ ಅಂತರಿಕ್ಷದ ಉಡುಪು ತೊಟ್ಟಿದ್ದಾನೆ, ಮುಖ ಕಾಣುವುದಿಲ್ಲ. ಗ್ರಹದಲ್ಲಿ ಕಿತ್ತಳೆ ಬಣ್ಣದ ರೋಬೋಟ್‌ಗಳದು ಒಂದು ಕೇರಿ, ನೀಲಿಯವರದು ಇನ್ನೊಂದು. ಒಳಗಿನ ಯಂತ್ರ ಎರಡಕ್ಕೂ ಒಂದೇ. ಹೊರಗಿನ ಕವಚದ ಬಣ್ಣ ಮಾತ್ರ ಬೇರೆ. ನೀಲಿಯವರಿಗೆ ಕೀಳು ಕೆಲಸ, ಕೀಳು ಶಾಲೆ. ನಿಮ್ಮ ಗ್ರಹ ನಮ್ಮ ಗಣರಾಜ್ಯಕ್ಕೆ ಸೇರಲು ಇನ್ನೂ ಯೋಗ್ಯವಾಗಿಲ್ಲ ಎಂದು ತೀರ್ಪು ಕೊಟ್ಟು ಪರೀಕ್ಷಕ ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಅವನು ಹೆಲ್ಮೆಟ್ ತೆಗೆಯುತ್ತಾನೆ. ಅವನೊಬ್ಬ ಕಪ್ಪು ಮನುಷ್ಯ. ಹಣೆಯ ಮೇಲಿನ ಬೆವರ ಹನಿಗಳು ನಕ್ಷತ್ರಗಳ ಹಾಗೆ ಹೊಳೆಯುತ್ತಿವೆ.

ಕೋಡ್ ಬಂದ ಮೇಲೆ ಗೇನ್ಸ್ ಈ ಕಥೆಯನ್ನು ಮರುಮುದ್ರಿಸಲು ಹೊರಟರು. ಕೋಡ್‌ನ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಮರ್ಫಿ, ಆ ಮನುಷ್ಯ ಕಪ್ಪಗಿರಕೂಡದು ಎಂದರು. ಕಥೆಯ ಜೀವವೇ ಅದಲ್ಲವೇ ಎಂದು ಕೇಳಿದ ಮೇಲೆ, ಬೆವರನ್ನಾದರೂ ತೆಗೆಯಿರಿ ಎಂಬ ಮಾತು ಬಂತು. ಗೇನ್ಸ್ ಒಪ್ಪಲಿಲ್ಲ, ವಿಷಯವನ್ನು ಜಗತ್ತಿಗೇ ಹೇಳುತ್ತೇನೆ ಎಂದು ಬೆದರಿಸಿದರು, ಒಂದು ಗೆರೆಯನ್ನೂ ಬದಲಿಸದೆ ಅಚ್ಚುಹಾಕಿದರು. ಇ.ಸಿ. ಸಂಸ್ಥೆ ಹೊರತಂದ ಕೊನೆಯ ಕಾಮಿಕ್ಸ್ ಪುಸ್ತಕ ಅದೇ. ಆ ಬೆವರ ಹನಿಗಳಿಗಾಗಿ ನಡೆದ ಜಗಳ ನನ್ನ ದೃಷ್ಟಿಯಲ್ಲಿ ಇಪ್ಪತ್ತನೇ ಶತಮಾನದ ಪ್ರಕಾಶನ ಚರಿತ್ರೆಯ ದೊಡ್ಡ ಘಟನೆಗಳಲ್ಲೊಂದು. ಇದನ್ನು ನೆನಪಿಟ್ಟುಕೊಂಡವರು ವಿಶ್ವವಿದ್ಯಾಲಯದವರಲ್ಲ. ಹತ್ತು ಸೆಂಟ್ ಕೊಟ್ಟು ಕೊಂಡ ಪುಸ್ತಕವನ್ನು ಮಡಿಕೆ ಬೀಳದ ಹಾಗೆ ಇಟ್ಟುಕೊಂಡ ಹುಡುಗರು. ಯಾವ ಸಂಚಿಕೆ, ಯಾವ ಪುಟ, ಯಾರ ಕುಂಚ ಎಂದು ಲೆಕ್ಕ ಇಟ್ಟವರು ಅವರೇ.

1971ರಲ್ಲಿ ಕೋಡ್ ಸಡಿಲವಾಯಿತು. ಸಾಹಿತ್ಯ ಪತ್ರಿಕೆ ನಡೆಸುವವರೆಲ್ಲ ಆ ತಿದ್ದುಪಡಿಯನ್ನು ಓದಬೇಕು. ರಕ್ತಪಿಶಾಚಿಗೂ ತೋಳಮನುಷ್ಯನಿಗೂ ಒಳಬರಲು ಅಪ್ಪಣೆ ಸಿಕ್ಕಿತು. ಕಾರಣ, ಅವರಿಗೆ ಸಾಹಿತ್ಯದ ಹಿನ್ನೆಲೆಯಿದೆ. ಡ್ರಾಕುಲ, ಫ್ರಾಂಕೆನ್‌ಸ್ಟೈನ್ ಕಾದಂಬರಿಗಳು, ಪೋ, ಕಾನನ್ ಡಾಯ್ಲ್ ಕಥೆಗಳು ಶಾಲೆಗಳಲ್ಲಿ ಓದಿಸುವಂಥವು. ನಡೆದಾಡುವ ಹೆಣವಾದ ಜಾಂಬಿಗೆ ಮಾತ್ರ ಬಾಗಿಲು ತೆರೆಯಲಿಲ್ಲ, ಅದರ ಹಿಂದೆ ಮರ್ಯಾದಸ್ಥ ಲೇಖಕರು ಯಾರೂ ಇರಲಿಲ್ಲ. ಮಾರ್ವೆಲ್ ಎಂಬ ಕಾಮಿಕ್ಸ್ ಸಂಸ್ಥೆಯವರು ರಾಬರ್ಟ್ ಹೋವರ್ಡ್ ಅವರ ಕಥೆಯೊಂದರಿಂದ 'ಜುವೆಂಬಿ' ಎಂಬ ಹೆಸರನ್ನು ಎರವಲು ತಂದು ಕೆಲಸ ಸಾಗಿಸಬೇಕಾಯಿತು. ಕುಲಗೋತ್ರ ಹೇಳಿ ಒಳಗೆ ಬಾ ಎಂಬ ಈ ಮಾತು ನಮಗೆ ಹೊಸದಲ್ಲ.

ಜಾಂಬಿಗೆ ಲೇಖಕ ಯಾಕಿರಲಿಲ್ಲ? ಅದು ಗುಲಾಮರ ಬಾಯಲ್ಲಿ ಹುಟ್ಟಿದ್ದು. ಇಂದಿನ ಹೈಟಿ ಫ್ರೆಂಚರ ಕಬ್ಬಿನ ವಸಾಹತಾಗಿದ್ದಾಗ ಆಫ್ರಿಕದಿಂದ ಹೊತ್ತುತಂದ ಜನ ಅಲ್ಲಿ ದುಡಿದು ಸಾಯುತ್ತಿದ್ದರು. ಅವರ ಜಾಂಬಿ ಯಾರನ್ನೂ ಕಚ್ಚುವುದಿಲ್ಲ, ತಿನ್ನುವುದಿಲ್ಲ. ಸತ್ತ ಮೇಲೂ ಅದನ್ನು ಎಬ್ಬಿಸಿ ದುಡಿಸುತ್ತಾರೆ, ಅಷ್ಟೇ. ಸಾವು ಬಂದರೆ ಬಿಡುಗಡೆ ಎಂದುಕೊಂಡವನಿಗೆ ಆ ಬಿಡುಗಡೆಯೂ ಇಲ್ಲ ಎಂಬ ಭಯ ಅದು. ಉಪ್ಪಿನ ರುಚಿ ತಗುಲಿದರೆ ಜಾಂಬಿಗೆ ತಾನು ಸತ್ತಿರುವುದು ನೆನಪಾಗಿ ತನ್ನ ಗೋರಿಗೆ ಮರಳುತ್ತದೆ ಎಂಬ ನಂಬಿಕೆಯೂ ಅಲ್ಲಿದೆ. 1804ರಲ್ಲಿ ಆ ಜನ ಸ್ವತಂತ್ರರಾದರು. 1915ರಿಂದ 1934ರವರೆಗೆ ಅಮೆರಿಕದ ಸೇನೆ ಅಲ್ಲಿ ಬೀಡುಬಿಟ್ಟಿತ್ತು. ಆ ಕಾಲದಲ್ಲೇ ವಿಲಿಯಂ ಸೀಬ್ರೂಕ್ 1929ರಲ್ಲಿ ಬರೆದ ಪುಸ್ತಕದಲ್ಲಿ, ಅಮೆರಿಕದ ಸಕ್ಕರೆ ಕಂಪನಿಯ ಹೊಲದಲ್ಲಿ ಹೆಣಗಳು ಕೂಲಿಗೆ ಬಂದ ಕಥೆ ಬರುತ್ತದೆ. ಲೇಖಕಿ ಜೋರಾ ನೀಲ್ ಹರ್‍ಸ್ಟನ್ ತಾವೇ ಹೈಟಿಗೆ ಹೋಗಿ, ಕಂಡದ್ದು ಕೇಳಿದ್ದನ್ನು 1938ರಲ್ಲಿ ಬರೆದರು. ಇಷ್ಟು ನೋವು ತುಂಬಿದ ಕಥೆಯನ್ನೇ ಕೋಡ್‌ನವರು ಹಿನ್ನೆಲೆ ಇಲ್ಲದ್ದು ಎಂದು ಹೊರಗಿಟ್ಟದ್ದು.

ನಮ್ಮ ಬೇತಾಳನಿಗೆ ಈ ಕಷ್ಟ ಇಲ್ಲ. ಹೆಣದೊಳಗೆ ಸೇರಿಕೊಂಡು ರಾಜನ ಬೆನ್ನಮೇಲೆ ಕೂತು ಪ್ರಶ್ನೆ ಕೇಳುವ ಅವನಿಗೆ ಸೋಮದೇವನ ಕಥಾಸರಿತ್ಸಾಗರದ ಆಸರೆಯಿದೆ. 'ಚಂದಮಾಮ'ದ ಪುಟಗಳಲ್ಲಿ ಅವನು ದಶಕಗಳ ಕಾಲ ನೇತಾಡಿದಾಗ ಯಾರೂ ತಕರಾರು ತೆಗೆಯಲಿಲ್ಲ. ಆದರೆ ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆಸಿದ ದೆವ್ವಕ್ಕೆ ಯಾವ ಗ್ರಂಥವೂ ಇಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ, ಸುತ್ತಲ ಊರುಗಳಲ್ಲಿ ಸೀಮೆಸುಣ್ಣದಲ್ಲಿ ಬರೆದ ಆ ಎರಡು ಪದವನ್ನು ಕಂಡವರು ಈಗಲೂ ಬೇಕಾದಷ್ಟು ಮಂದಿ ಇದ್ದಾರೆ. ಆ ಕಥೆಯನ್ನು ಕೈಗೆತ್ತಿಕೊಂಡವರು ಯಾರು ನೋಡಿ: 2013ರಲ್ಲಿ 'ಗೋ ಗೋವಾ ಗಾನ್' ಎಂಬ ಹಿಂದಿ ಜಾಂಬಿ ಚಿತ್ರ ಮಾಡಿದ ರಾಜ್ ಮತ್ತು ಡಿ.ಕೆ. ಜೋಡಿಯೇ 2018ರ 'ಸ್ತ್ರೀ' ಚಿತ್ರದ ಕಥೆಗೆ ಅದನ್ನು ಬಳಸಿಕೊಂಡಿತು. ನಮ್ಮ ಬೀದಿಯ ಕಥೆಗೆ ಗಿರಾಕಿ ಸಿಕ್ಕಿದ್ದು ಜಾಂಬಿಪ್ರಿಯರಲ್ಲಿ; ಕನ್ನಡದ ಸಾಹಿತ್ಯ ಪತ್ರಿಕೆಗಳಲ್ಲಿ ಅದಕ್ಕೊಂದು ಪುಟ ಸಿಗಬೇಕಿತ್ತು ಎಂಬ ಕೊರಗು ನನಗಿದೆ.

ಇಂದು ನಾವು ಬಲ್ಲ, ಗುಂಪುಗಟ್ಟಿ ಬಂದು ಮನುಷ್ಯರನ್ನು ತಿನ್ನುವ ಜಾಂಬಿ ಚಿತ್ರ ನಿರ್ದೇಶಕ ಜಾರ್ಜ್ ರೊಮೆರೊ ಕೊಟ್ಟದ್ದು. 1968ರಲ್ಲಿ ತೆರೆಕಂಡ, ಪಿಟ್ಸ್‌ಬರ್ಗ್ ಸುತ್ತಮುತ್ತ, 1,14,000 ಡಾಲರ್‌ನಷ್ಟು ಖರ್ಚಿನಲ್ಲಿ, ಕಪ್ಪು ಬಿಳುಪಿನಲ್ಲಿ ತೆಗೆದ 'ನೈಟ್ ಆಫ್ ದ ಲಿವಿಂಗ್ ಡೆಡ್'. ಹುಡುಗನಾಗಿದ್ದಾಗ ಇ.ಸಿ. ಕಾಮಿಕ್ಸ್ ಓದಿ ಬೆಳೆದವರು ರೊಮೆರೊ. ನಾಯಕನ ಪಾತ್ರ ಮಾಡಿದ್ದು ಡ್ವೇನ್ ಜೋನ್ಸ್ ಎಂಬ ಕಪ್ಪು ನಟ. ಇರುಳೆಲ್ಲ ಹೆಣಗಳೊಡನೆ ಹೋರಾಡಿ ಬದುಕಿ ಉಳಿದವನನ್ನು ಬೆಳಗ್ಗೆ ಬಂದ ಬಂದೂಕುಧಾರಿಗಳು ಹೆಣವೆಂದು ತಿಳಿದು ಗುಂಡಿಟ್ಟು ಕೊಲ್ಲುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷವೇ ತೆರೆಕಂಡ ಚಿತ್ರವಿದು. ಇಲ್ಲಿ ಇನ್ನೊಂದು ಸಂಗತಿ ನಡೆಯಿತು. ಚಿತ್ರದ ಮೊದಲಿನ ಹೆಸರನ್ನು ಬದಲಾಯಿಸುವಾಗ, ಆ ಹೆಸರಿನ ಜೊತೆಯಲ್ಲಿದ್ದ ಕೃತಿಸ್ವಾಮ್ಯದ ಸಾಲೂ ಕೈಬಿಟ್ಟುಹೋಯಿತು. ಆಗಿನ ಕಾನೂನಿನ ಪ್ರಕಾರ ಆ ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ರೊಮೆರೊಗೆ ಬರಬೇಕಾದ ಹಣ ಬರಲಿಲ್ಲ. ಇದು ಅನ್ಯಾಯವೇ. ಆದರೆ ಯಾರು ಬೇಕಾದರೂ ಆ ಚಿತ್ರವನ್ನು ತೋರಿಸಬಹುದು, ಪ್ರತಿ ಮಾಡಬಹುದು ಎಂದಾದದ್ದರಿಂದ ಜಾಂಬಿ ಊರಮಧ್ಯದ ಬಾವಿಯಂತಾಯಿತು. ಹಗ್ಗ ಕೊಡ ತಂದವರೆಲ್ಲ ಸೇದಿಕೊಂಡರು.

2003ರ ಅಕ್ಟೋಬರ್‌ನಲ್ಲಿ ರಾಬರ್ಟ್ ಕರ್ಕ್‌ಮನ್ ಕೂಡ ಸೇದಿಕೊಂಡರು. ಅವರ ಕಾಮಿಕ್ಸ್ ಸರಣಿಯ ಹೆಸರು 'ದ ವಾಕಿಂಗ್ ಡೆಡ್'. 1954ರ ಕೋಡ್ ನಿಷೇಧಿಸಿದ್ದ ಅದೇ ನಡೆದಾಡುವ ಹೆಣ, ಈ ಸಲ ಮುಖಪುಟದ ಹೆಸರಾಗಿಯೇ ನಿಂತಿತು. ಮೊದಲ ಆರು ಸಂಚಿಕೆಗಳ ಚಿತ್ರ ಟೋನಿ ಮೂರ್ ಅವರದು, ಆಮೇಲಿನದೆಲ್ಲ ಚಾರ್ಲಿ ಆಡ್ಲಾರ್ಡ್. ಹೆಣಗಳಿಗಿಂತ ಬದುಕುಳಿದವರ ಕಥೆಯೇ ಇಲ್ಲಿ ಹೆಚ್ಚು: ಬೇಲಿ ಹೇಗೆ ಕಟ್ಟುವುದು, ಊಟ ಹೇಗೆ ಹಂಚುವುದು, ಯಾರ ಮಾತು ನಡೆಯಬೇಕು. 2019ರ ಜುಲೈನಲ್ಲಿ 193ನೇ ಸಂಚಿಕೆಗೆ ಯಾವ ಮುನ್ಸೂಚನೆಯೂ ಇಲ್ಲದೆ ಸರಣಿ ಮುಗಿಯಿತು. ಓದುಗರಿಗೆ ಗುಟ್ಟು ತಿಳಿಯದಿರಲೆಂದು ಮುಂದಿನ ಸಂಚಿಕೆಗಳ ಮುಖಪುಟಗಳನ್ನೂ ಬರೆಸಿ ಪ್ರಕಟಿಸಿದ್ದರು. ಆ ಸಂಚಿಕೆಗಳು ಎಂದೂ ಹುಟ್ಟಲಿಲ್ಲ. ಕೊನೆಯಲ್ಲಿ ಕರ್ಕ್‌ಮನ್ ಓದುಗರಿಗೆ ಉದ್ದನೆಯ ಪತ್ರ ಬರೆದು ಕಾರಣ ಹೇಳಿದರು. ಹದಿನಾರು ವರ್ಷ ಜೊತೆಗಿದ್ದವರಿಗೆ ಅಷ್ಟು ಹೇಳಲೇಬೇಕಿತ್ತು.

ಟಿ.ವಿ.ಯಲ್ಲಿ ಆ ಸೌಜನ್ಯ ಅಪರೂಪ. 2002ರ ಸೆಪ್ಟೆಂಬರ್‌ನಲ್ಲಿ ಫಾಕ್ಸ್ ವಾಹಿನಿಯಲ್ಲಿ 'ಫೈರ್‌ಫ್ಲೈ' ಶುರುವಾಯಿತು. ಯುದ್ಧದಲ್ಲಿ ಸೋತ ಕಡೆಯವನೊಬ್ಬ ಹಳೆಯ ನೌಕೆ ಕೊಂಡು, ಸಿಕ್ಕ ಕೆಲಸ ಮಾಡುತ್ತ ಗ್ರಹದಿಂದ ಗ್ರಹಕ್ಕೆ ಅಲೆಯುವ ಕಥೆ. ಪಾತ್ರಗಳನ್ನು ಪರಿಚಯಿಸಲೆಂದು ತೆಗೆದ ಎರಡು ಗಂಟೆಯ ಮೊದಲ ಕಂತನ್ನು ವಾಹಿನಿ ಕೊನೆಗೆ, ಡಿಸೆಂಬರ್‌ನಲ್ಲಿ ತೋರಿಸಿತು. ತಯಾರಾದ 14 ಕಂತುಗಳಲ್ಲಿ ಪ್ರಸಾರವಾದದ್ದು 11. ಪ್ರಸಾರವಾಗದೆ ಉಳಿದ ಮೂರರಲ್ಲಿ ಒಂದು 'ದ ಮೆಸೇಜ್'. ಅದರಲ್ಲಿ ಜೇನ್ ಎಂಬ ಒರಟನಿಗೆ ದೂರದ ಊರಿಂದ ಅಮ್ಮ ಹೆಣೆದು ಕಳಿಸಿದ ಉಣ್ಣೆ ಟೋಪಿಯೊಂದು ಬರುತ್ತದೆ: ಕಿತ್ತಳೆ ಹಳದಿ ಬಣ್ಣ, ಇಳಿಬಿದ್ದ ಕಿವಿಪಟ್ಟಿ, ನೆತ್ತಿಯ ಮೇಲೆ ಕುಚ್ಚು. ಧಾರಾವಾಹಿ ನಿಲ್ಲುತ್ತದೆ ಎಂಬ ಸುದ್ದಿ ನಟರಿಗೆ ತಲುಪಿದ್ದು ಈ ಕಂತಿನ ಚಿತ್ರೀಕರಣದ ನಡುವೆಯೇ. ಕಂತಿನ ಕೊನೆಗೆ ಬರುವ ಶವಸಂಸ್ಕಾರದ ಸಂಗೀತವನ್ನು ಗ್ರೆಗ್ ಎಡ್ಮನ್ಸನ್ ಆ ಧಾರಾವಾಹಿಗೆ ವಿದಾಯವೆಂದೇ ರಚಿಸಿದರು. ಗೊತ್ತಿದ್ದು ನೋಡಿದರೆ ಆ ಮುಖಗಳಲ್ಲಿನ ದುಃಖ ಬೇರೆಯೇ ಕಾಣುತ್ತದೆ.

ಮರುವರ್ಷ ಡಿ.ವಿ.ಡಿ. ಬಂದ ಮೇಲೆ ಜನ ಅದನ್ನು ಕೊಂಡರು, ಗೆಳೆಯರಿಗೆ ಕೊಟ್ಟರು, ಮತ್ತೆ ಕೊಂಡರು. ಮನೆಮನೆಯಲ್ಲಿ ಆ ಟೋಪಿ ಹೆಣೆದರು. 2005ರಲ್ಲಿ ಯೂನಿವರ್ಸಲ್ ಸಂಸ್ಥೆ ಕಥೆಯನ್ನು 'ಸೆರೆನಿಟಿ' ಎಂಬ ಚಲನಚಿತ್ರವಾಗಿ ತಂದಿತು. ಧಾರಾವಾಹಿಗೂ ಚಿತ್ರಕ್ಕೂ ನಡುವಿನ ಕಥೆಯನ್ನು ಹೇಳಿದ್ದು ಡಾರ್ಕ್ ಹಾರ್ಸ್‌ನ ಕಾಮಿಕ್ಸ್. 2006ರಿಂದ ಅಭಿಮಾನಿಗಳು ಆ ಚಿತ್ರವನ್ನು ಊರೂರಲ್ಲಿ ತೋರಿಸಿ, ಸ್ತ್ರೀಯರ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆಗೆ ಹಣ ಸಂಗ್ರಹಿಸುತ್ತ ಬಂದರು. ಧಾರಾವಾಹಿ, ಚಿತ್ರ ಎರಡನ್ನೂ ಸೃಷ್ಟಿಸಿದ ಜಾಸ್ ವೀಡನ್ ಅವರ ಮೇಲೆ, ಜೊತೆಗೆ ದುಡಿದ ಕಲಾವಿದರೇ ದುರ್ವರ್ತನೆಯ ಆರೋಪ ಹೊರಿಸಿದರು. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆ ಟೋಪಿ ಹೆಣೆದವರ ಪ್ರೀತಿಯಾದರೋ ಅವರದೇ, ಅದು ಇನ್ನೊಬ್ಬನ ನಡತೆಯಿಂದ ಮೈಲಿಗೆಯಾಗುವುದಿಲ್ಲ.

ಸಂಪಾದಕನಾಗಿ ನನಗೆ ಇವೆಲ್ಲಕ್ಕಿಂತ ಹತ್ತಿರದ್ದು ಪತ್ರಗಳ ಕಥೆ. 1967ರ ಕೊನೆಯಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿ ನಿಲ್ಲಲಿದೆ ಎಂಬ ಸುದ್ದಿ ಹಬ್ಬಿದಾಗ ಬಿಜೋ ಟ್ರಿಂಬಲ್, ಜಾನ್ ಟ್ರಿಂಬಲ್ ದಂಪತಿ ಎನ್.ಬಿ.ಸಿ. ವಾಹಿನಿಗೆ ಪತ್ರ ಬರೆಯುವ ಚಳವಳಿ ಹೂಡಿದರು. ಒಬ್ಬೊಬ್ಬರೂ ಹತ್ತು ಜನರಿಗೆ ಹೇಳಬೇಕು, ಆ ಹತ್ತು ಜನ ಮತ್ತೆ ಹತ್ತು ಜನರಿಗೆ. ಒಂದು ಲಕ್ಷಕ್ಕೂ ಮೀರಿ ಪತ್ರಗಳು ಬಂದವು. 1968ರ ಮಾರ್ಚ್ 1ರಂದು ಕಂತು ಮುಗಿಯುತ್ತಿದ್ದಂತೆ, ಧಾರಾವಾಹಿ ಮುಂದುವರಿಯುತ್ತದೆ ಎಂದು ವಾಹಿನಿಯೇ ಪ್ರಕಟಿಸಿತು. ಮೂರನೇ ಸೀಸನ್‌ಗೆ ಹಣ ಕಡಿಮೆ ಕೊಟ್ಟರು, ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದರು, 1969ರಲ್ಲಿ ನಿಲ್ಲಿಸಿದರು. ಆದರೂ ಆ ಪತ್ರಗಳ ಬಲದಿಂದ 79 ಕಂತುಗಳಾದವು. ಪ್ರತಿದಿನ ಮರುಪ್ರಸಾರ ಮಾಡಲು ಅಷ್ಟು ಕಂತುಗಳು ಬೇಕಿದ್ದವು. ಆಮೇಲೆ ಬಂದ ಚಿತ್ರಗಳು, ಹೊಸ ಸರಣಿಗಳು ಎಲ್ಲ ಆ ಮರುಪ್ರಸಾರದ ಜನಪ್ರಿಯತೆಯಿಂದಲೇ ಬೆಳೆದವು.

ಕಾಮಿಕ್ಸ್‌ನಲ್ಲಿ ಇದಕ್ಕೂ ಮುಂಚೆ, 1961ರ ಸುಮಾರಿಗೆ, ಡಿ.ಸಿ. ಸಂಸ್ಥೆಯ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಒಂದು ಸಣ್ಣ ಕೆಲಸ ಮಾಡಿದರು. ಓದುಗರ ಪತ್ರದ ಕೆಳಗೆ ಬರೆದವರ ಪೂರ್ತಿ ವಿಳಾಸವನ್ನು ಅಚ್ಚುಹಾಕತೊಡಗಿದರು. ತನ್ನ ಊರಲ್ಲಿ ತನ್ನಂಥ ಹುಚ್ಚು ಯಾರಿಗೂ ಇಲ್ಲ ಎಂದುಕೊಂಡಿದ್ದ ಹುಡುಗನಿಗೆ, ನೂರು ಮೈಲಿ ಆಚೆ ಇನ್ನೊಬ್ಬನಿದ್ದಾನೆ ಎಂದು ತಿಳಿಯಿತು. ಅವರು ಪರಸ್ಪರ ಕಾಗದ ಬರೆದರು, ಸಂಚಿಕೆ ಬದಲಾಯಿಸಿಕೊಂಡರು, ತಮ್ಮದೇ ಕಿರುಪತ್ರಿಕೆಗಳನ್ನು ತಂದರು. ಅದೇ ವರ್ಷ ಜೆರ್‍ರಿ ಬೇಲ್ಸ್ ಹೊರತಂದ 'ಆಲ್ಟರ್ ಈಗೊ' ಎಂಬ ಕಿರುಪತ್ರಿಕೆಯಲ್ಲಿ ಬರೆಯುತ್ತಿದ್ದ ರಾಯ್ ಥಾಮಸ್ ಎಂಬ ಶಾಲಾ ಮಾಸ್ತರು ಮುಂದೆ ಮಾರ್ವೆಲ್‌ನ ಪ್ರಧಾನ ಸಂಪಾದಕರಾದರು.

ನಮ್ಮ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳಿಗೆ ಕಾದು ಕೂತು, ಕಂತುಗಳನ್ನು ಕತ್ತರಿಸಿ ಹೊಲಿದು ಮನೆಯಲ್ಲೇ ಪುಸ್ತಕ ಮಾಡಿಕೊಂಡ ಅಮ್ಮಂದಿರು, ಅಕ್ಕಂದಿರು ಇದೇ ಜಾತಿಯ ಓದುಗರು. ಕಾಮಿಕ್ಸ್ ಹುಚ್ಚಿನವರಿಗೆ ಹೇಳುವ 'ಗೀಕ್' ಎಂಬ ಹೆಸರನ್ನು ಅವರಿಗೆ ಯಾರೂ ಇಡಲಿಲ್ಲ. ಕಥೆಯೊಂದು ಅರ್ಧಕ್ಕೆ ನಿಂತರೆ ಅವರು ಯಾರ ಬಳಿ ದೂರಬೇಕಿತ್ತು? ಆ ಹೊಲಿದ ಪುಸ್ತಕಗಳು ಅಟ್ಟದ ಮೇಲೆ ಈಗಲೂ ಇರಬಹುದು. ಇದ್ದರೆ ಮುಖಪುಟದ ಫೋಟೊ ತೆಗೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವುಗಳಿಗೇ ನಾಲ್ಕು ಪುಟ ತೆಗೆದಿರಿಸಿದ್ದೇವೆ. 'ನಾಳೆ ಬಾ' ದೆವ್ವದ ಕಥೆಯನ್ನು ನಿಮ್ಮ ಬೀದಿಯಲ್ಲಿ ಹೇಗೆ ಹೇಳುತ್ತಿದ್ದರು ಎಂಬುದನ್ನೂ ಬರೆಯಿರಿ, ಬೀದಿಗೊಂದು ಪಾಠ ಇದ್ದೀತು. ಓದುಗರ ಪತ್ರದ ವಿಭಾಗವನ್ನು ಈ ತಿಂಗಳಿಂದ ಎರಡು ಪುಟ ಹೆಚ್ಚಿಸಿದ್ದೇವೆ. ಹೆಸರಿನ ಜೊತೆ ಊರನ್ನೂ ತಪ್ಪದೆ ಬರೆಯಿರಿ. ನಿಮ್ಮಂಥವರೇ ಇನ್ನೊಬ್ಬರು ನಿಮ್ಮನ್ನು ಹುಡುಕಿಕೊಂಡು ಕಾಗದ ಬರೆದರೆ, ನಿಮ್ಮ ಒಪ್ಪಿಗೆ ಕೇಳಿ, ವಿಳಾಸ ತಲುಪಿಸುವ ಕೆಲಸ ನಮ್ಮದು.