ಕೇರಿಯ ಕೊನೆಯ ನಲ್ಲಿಯ ಪರವಾಗಿ

ನಿಮಗೆ ಗೊತ್ತಿದೆ. ನಿಮ್ಮೂರಿನ ಓವರ್‌ಹೆಡ್ ಟ್ಯಾಂಕಿನ ಏಣಿ ತುಕ್ಕು ಹಿಡಿದು ಎಷ್ಟು ಕಾಲವಾಯಿತು, ಅದನ್ನು ಹತ್ತಿ ಒಳಗೆ ಇಣುಕಿದವರು ಯಾರು, ತೊಳೆದ ದಿನಾಂಕವೆಂದು ಕಂಬದ ಮೇಲೆ ಬರೆದದ್ದು ಯಾವ ಮಳೆಗಾಲದ್ದು ಎಂಬುದೆಲ್ಲ ಗೊತ್ತಿದೆ. ಊರಾಚೆಯ ಕೇರಿಗೆ ಹೋಗುವ ಪೈಪು ಚರಂಡಿಯೊಳಗೇ ಹಾದಿರುವುದೂ, ವಾಲ್ವಿನ ಗುಂಡಿಯಲ್ಲಿ ಕೊಳಚೆ ಮಡುಗಟ್ಟಿರುವುದೂ ಗೊತ್ತಿದೆ. ಮೂಗಿಗೆ ಕರ್ಚೀಫು ಹಿಡಿದು ಎಷ್ಟೋ ಸಲ ಅದನ್ನು ದಾಟಿ ಹೋಗಿದ್ದೀರಿ.

ಆ ಗುಂಡಿಯಲ್ಲಿ ಏನಾಗುತ್ತದೆ ಎಂಬುದನ್ನು ದಯವಿಟ್ಟು ಒಮ್ಮೆ ನಿಂತು ನೋಡಿ. ನೀರು ಬಿಟ್ಟಿರುವಷ್ಟು ಹೊತ್ತು ಒಡೆದ ಜಾಯಿಂಟಿನಿಂದ ನೀರು ಹೊರಗೆ ಸೋರುತ್ತದೆ. ನಿಲ್ಲಿಸಿದ ಮೇಲೆ ಬರಿದಾಗುವ ಪೈಪು ಅದೇ ಜಾಯಿಂಟಿನಿಂದ ಚರಂಡಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಂದಾಗ ಮೊದಲ ಕೊಡಕ್ಕೆ ಬೀಳುವುದು ಅದೇ. ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ನೀರು ಬರುವ ಕೇರಿಯಲ್ಲಿ, ಕೂಲಿಗೆ ಹೊರಡುವ ಅವಸರದಲ್ಲಿರುವ ತಾಯಿ ಆ ಮೊದಲ ಕೊಡವನ್ನು ಚೆಲ್ಲಲಾರಳು. ಅವಳ ಮಗು ಅದನ್ನೇ ಕುಡಿಯುತ್ತದೆ. ಅದಕ್ಕೆ ವಾಂತಿಭೇದಿ ಹತ್ತಿದರೆ ಮೈಯ ನೀರು ಆರಲು ಒಂದು ರಾತ್ರಿ ಸಾಕು. ಬಾಯಿ ಒಣಗಿ, ಕಣ್ಣು ಗುಳಿಬಿದ್ದು, ಅಳುವುದಕ್ಕೂ ಕಣ್ಣೀರಿಲ್ಲದಂತಾಗುವ ಆ ಕೂಸು ಯಾವ ಸಭೆಗೆ ಬಂದು ಯಾರನ್ನು ಕೇಳೀತು?

2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. 2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲಿ ಸತ್ತರು. ಅದೇ ವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆ ಬಂದ ಟ್ಯಾಂಕರು, ಅಮಾನತು ಆದೇಶ, ಪರಿಹಾರದ ಚೆಕ್ಕು ನಿಮಗೆ ನೆನಪಿರಬೇಕು. ಆ ಸಾವುಗಳು ಬರುವ ಮುಂಚೆ ಯಾರಾದರೂ ತಡೆಯಬಹುದಿತ್ತಲ್ಲ ಎಂದು ನೀವೂ ನಿಟ್ಟುಸಿರು ಬಿಟ್ಟಿರಿ. ಆ ನಿಟ್ಟುಸಿರು ನಿಜವಾದದ್ದು. ಅದನ್ನು ನಂಬಿಯೇ ನಿಮ್ಮ ಮುಂದೆ ಬಂದಿದ್ದೇನೆ.

ನನ್ನ ಮನಸ್ಸನ್ನು ಕೊರೆಯುವ ಮಾತು ಇದು. ಶುದ್ಧ ನೀರಿನ ಘಟಕದ ಕ್ಯಾನು, ಅಡುಗೆಮನೆಯ ಫಿಲ್ಟರು ಬಂದ ದಿನದಿಂದ ಮಾತಾಡಬಲ್ಲ ಮನೆಗಳೆಲ್ಲ ನಲ್ಲಿಯ ನೀರು ಕುಡಿಯುವುದನ್ನು ಬಿಟ್ಟವು. ಮೇಷ್ಟ್ರು ಬಿಟ್ಟರು, ಅಂಗಡಿಯವರು ಬಿಟ್ಟರು, ಪಂಚಾಯಿತಿ ಸದಸ್ಯರೂ ಬಿಟ್ಟರು. ಮಕ್ಕಳ ಆರೋಗ್ಯಕ್ಕೆಂದು ನೀವು ಮಾಡಿದ್ದು ಸರಿಯೇ. ಆದರೆ ನೀರಿನ ಜೊತೆಗೆ ನಿಮ್ಮ ದನಿಯೂ ಆ ನಲ್ಲಿಯನ್ನು ಬಿಟ್ಟು ಹೋಯಿತು. ಈಗ ಅದರ ಮುಂದೆ ಉಳಿದಿರುವವರು ಕೇಳಿದರೂ ಯಾರ ಕಿವಿಗೂ ಬೀಳದವರು.

ನಿಮಗೆ ಇದೂ ಗೊತ್ತಿರಲಿ. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಊರಿನ ಆರೋಗ್ಯವನ್ನು ಊರಿನ ಕೈಗೇ ಕೊಡಲು ಬಯಸಿತು. ಅದಕ್ಕೆಂದೇ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂದು ಒಂದಿದೆ. ಸ್ಥಳೀಯ ಅಗತ್ಯಕ್ಕೆಂದು ವರ್ಷಕ್ಕೆ 10,000 ರೂಪಾಯಿವರೆಗೆ ಅನುದಾನವಿದೆ. ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು, ಊರಿನವರು ಅದರಲ್ಲಿರಬೇಕು. ಎಷ್ಟೋ ಊರುಗಳಲ್ಲಿ ಅದರ ಸಭೆ ನಡಾವಳಿ ಪುಸ್ತಕದೊಳಗೇ ನಡೆದು ಮುಗಿಯುತ್ತದೆ. ಪುಸ್ತಕ ಮನೆ ಬಾಗಿಲಿಗೆ ಬರುತ್ತದೆ, ಸಹಿ ಬೀಳುತ್ತದೆ, ಮುಂದಿನ ಮನೆಗೆ ಹೋಗುತ್ತದೆ. ಆ ಸಹಿಗಳಲ್ಲಿ ನಿಮ್ಮದೂ ಇದ್ದರೆ, ನಿಮ್ಮನ್ನು ಹಳಿಯಲಾರೆ. ಮುಂದಿನ ಸಲ ಪುಸ್ತಕವನ್ನು ತಡೆದು, ಸಭೆ ಎಲ್ಲಿ ಎಂದು ಕೇಳಿ ಎಂದಷ್ಟೇ ಬೇಡುತ್ತೇನೆ.

ಆಶಾ ಕಾರ್ಯಕರ್ತೆಯ ಚೀಲದಲ್ಲಿ ಅಂಗೈಯಗಲದ ಒಂದು ಬಾಟಲಿ ಇರುವುದುಂಟು. ನಲ್ಲಿಯ ನೀರನ್ನು ಗೆರೆಯವರೆಗೆ ತುಂಬಿ ಮುಚ್ಚಿಟ್ಟರೆ, ಮಲದ ಕಲ್ಮಶ ಸೇರಿದ್ದಲ್ಲಿ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಓದುಬರಹ ಬಾರದ ಅಜ್ಜಿಗೂ ಅರ್ಥವಾಗುವ ವರದಿ ಅದು. ಕಪ್ಪಾದ ಬಾಟಲಿಯನ್ನು ಹಿಡಿದು ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತುವ ಆ ಹೆಣ್ಣುಮಗಳಿಗೆ ಸಿಗುವ ಉತ್ತರವೇನು? ಬ್ಲೀಚಿಂಗ್ ಪೌಡರ್ ಹಾಕಿಸುತ್ತೇವೆ, ಹೋಗಮ್ಮಾ. ಬಾಯಿ ಬಿಚ್ಚಿಟ್ಟ ಚೀಲದ ಪೌಡರಿನಲ್ಲಿ ಕ್ಲೋರಿನ್ ಸತ್ವ ಆರಿಹೋಗಿರುತ್ತದೆ. ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ಮಾನದಂಡವನ್ನು ಅಳೆದು ನೋಡುವವರಿಲ್ಲ. ತಿಂಗಳುಗಟ್ಟಲೆ ಸಂಬಳಕ್ಕೆ ಕಾಯುವ ನೀರುಗಂಟಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಅವನಿಗೆ ಹೊಸ ಚೀಲ ಕೊಡಿಸುವವರು, ಆ ಹೆಣ್ಣುಮಗಳ ಪಕ್ಕದಲ್ಲಿ ನಿಲ್ಲುವವರು ಬೇಕು. ಇಬ್ಬರೂ ನಿಮ್ಮ ಓಣಿಯವರೇ, ಜಾತ್ರೆಯಲ್ಲಿ ನಿಮ್ಮ ಜೊತೆ ತೇರು ಎಳೆದವರೇ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ಬನ್ನಿ. ನಿಮ್ಮ ಮನೆಯ ಕ್ಯಾನು ತುಂಬಿರಲಿ, ಆದರೂ ಬನ್ನಿ. ಟ್ಯಾಂಕು ಕೊನೆಯ ಸಲ ತೊಳೆದದ್ದು ಯಾವಾಗ, ಕೇರಿಯ ಪೈಪು ಚರಂಡಿಯಿಂದ ಮೇಲೆ ಬರುವುದು ಯಾವಾಗ ಎಂದು ಎದ್ದು ನಿಂತು ಕೇಳಿ. ಉತ್ತರವನ್ನು ಬಾಯಿಮಾತಿಗೆ ಬಿಡದೆ ನಡಾವಳಿಯಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ.