ಲೋಳೆಯ ಮನೆಯಲ್ಲಿ ಇಳಿಯುವ ಪ್ಲಾಸ್ಟಿಕ್
ಕಡಲು ಸೇರಿದ ಪ್ಲಾಸ್ಟಿಕ್ ಚೂರೆಲ್ಲ ಅಲೆಗಳ ಮೇಲೆಯೇ ತೇಲುತ್ತಿರುತ್ತದೆ ಎಂದುಕೊಂಡವರೇ ಹೆಚ್ಚು. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ಹೇಳಿತು: ಮೈಕ್ರೋಪ್ಲಾಸ್ಟಿಕ್ ಮೇಲ್ಮೈಗಿಂತ 200ರಿಂದ 600 ಮೀಟರ್ ಆಳದಲ್ಲೇ ದಟ್ಟವಾಗಿತ್ತು. ಅದನ್ನು ಇನ್ನೂ ಕೆಳಕ್ಕೆ ಸಾಗಿಸುವ ಜೀವಿಗಳಲ್ಲಿ ದೈತ್ಯ ಲಾರ್ವೇಶಿಯನ್ ಕೂಡ ಒಂದು. ಹೆಸರಿಗೆ ದೈತ್ಯ, ಉದ್ದ ಹತ್ತು ಸೆಂಟಿಮೀಟರ್ ಮುಟ್ಟುವುದೂ ಕಷ್ಟ, ನೋಡಲು ಗೊದಮೊಟ್ಟೆಯಂತೆ. ಆದರೆ ತನ್ನ ಸುತ್ತ ಅದು ಲೋಳೆಯಿಂದ ಕಟ್ಟಿಕೊಳ್ಳುವ ಮನೆ ಒಂದು ಮೀಟರ್ ಅಗಲಕ್ಕೂ ಬೆಳೆಯುತ್ತದೆ. ಹೊರಗಿನ ಬಲೆ ದಪ್ಪ ಕಣಗಳನ್ನು ತಡೆಯುತ್ತದೆ. ಬಾಲ ಬಡಿದು ಎಳೆದುಕೊಂಡ ನೀರನ್ನು ಒಳಗಿನ ಜರಡಿ ಸೋಸಿ, ಸಣ್ಣ ಕಣಗಳನ್ನು ಬಾಯಿಗೆ ಒಯ್ಯುತ್ತದೆ. ಮಾಂಟೆರೆ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆಯವರು ರೋಬೋ ವಾಹನ ಇಳಿಸಿ, ಈ ಜೀವಿಗಳ ಬಳಿ ಪ್ಲಾಸ್ಟಿಕ್ಕಿನ ಅತಿ ಸಣ್ಣ ಮಣಿಗಳನ್ನು ಬಿಟ್ಟು ನೋಡಿದರು. ಕೆಲವು ಮಣಿ ಮನೆಗೆ ಅಂಟಿದವು, ಕೆಲವು ಹೊಟ್ಟೆ ಸೇರಿ ಹಿಕ್ಕೆಯಾಗಿ ಹೊರಬಂದವು. ಆ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಜರಡಿಯ ಕಣ್ಣು ಮುಚ್ಚಿಹೋದರೆ ಲಾರ್ವೇಶಿಯನ್ ಮನೆ ಬಿಟ್ಟು ಹೊಸದನ್ನು ಕಟ್ಟುತ್ತದೆ. ಹಳೆಯದು ಕುಸಿದು, ಅಂಟಿದ್ದೆಲ್ಲವನ್ನೂ ಹೊತ್ತು ಸರಸರನೆ ತಳಕ್ಕಿಳಿಯುತ್ತದೆ. ಕಡಲು ತನ್ನ ಮೈ ತಾನೇ ತೊಳೆದುಕೊಳ್ಳುತ್ತಿದೆ ಎಂದು ಸಮಾಧಾನಪಡಲು ನನಗಾಗದು. ಬೆಳಕೇ ತಲುಪದ ಆ ತಳದ ಜೀವಿಗಳಿಗೆ ಮೇಲಿಂದ ಬೀಳುವ ಇಂಥ ಲೋಳೆಯೇ ಊಟ. ಎಲ್ಲ ಜೀವಿಗಳೂ ಪ್ಲಾಸ್ಟಿಕ್ಕನ್ನು ಹೀಗೆ ಬೇಗ ಇಳಿಸುವುದೂ ಇಲ್ಲ: ಪಾಲಿಸ್ಟೈರೀನ್ ಪ್ಲಾಸ್ಟಿಕ್ ನುಂಗಿದ ಕೋಪೆಪಾಡ್ ಎಂಬ ಪುಟ್ಟ ಜೀವಿಗಳ ಹಿಕ್ಕೆ ಹಗುರಾಗಿ ನಿಧಾನಕ್ಕೆ ಮುಳುಗುತ್ತದೆಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಆ ನಿಧಾನವೂ ಚಿಂತೆಯದೇ: ಗಾಳಿಯಿಂದ ಕಡಲು ಹೀರಿಕೊಂಡ ಇಂಗಾಲ ಆಳ ಸೇರುವ ದಾರಿಗಳಲ್ಲಿ ಈ ಹಿಕ್ಕೆಯೂ ಒಂದು.